ಕೊನೆಯ ಈಜುಗಾರನು ಗೋಡೆ ಮುಟ್ಟುವವರೆಗೆ

(ಸಂಘದ ಮಾಸಿಕ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಬಗೆಗೆ ಮಾತನಾಡುವುದು ವಾಡಿಕೆ. ಇಂದು ನಾವು ಆ ವಾಡಿಕೆಯನ್ನು ಮುರಿದು, ಸ್ಪರ್ಧೆಯ ಈಜನ್ನು ಕುರಿತು ಕೆಲವು ಮಾತುಗಳನ್ನು ಹೇಳಬಯಸುತ್ತೇವೆ. ನಮ್ಮ ಸಂಘದ ಎಷ್ಟೋ ಮನೆಗಳ ಮಕ್ಕಳು ಬೆಳಗಿನ ಐದು ಗಂಟೆಗೇ ಎದ್ದು ಈಜುಕೊಳಕ್ಕೆ ಹೋಗುತ್ತಾರೆ. ಅವರನ್ನು ಕಾರಿನಲ್ಲಿ ಕರೆದೊಯ್ಯುವ ನಾವು ಅವರಿಂದ ಏನನ್ನು ನಿರೀಕ್ಷಿಸುತ್ತಿದ್ದೇವೆ ಎಂಬುದೇ ಇಂದಿನ ಪ್ರಶ್ನೆ.

ಊರಿನಲ್ಲಿ ನಾವು ಈಜು ಕಲಿತದ್ದು ತೋಟದ ಬಾವಿಯಲ್ಲಿ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ, ಹಗ್ಗದ ಒಂದು ತುದಿಯನ್ನು ಚಿಕ್ಕಪ್ಪ ಹಿಡಿದುಕೊಂಡು, ನಮ್ಮನ್ನು ನೀರಿಗೆ ಇಳಿಸುತ್ತಿದ್ದರು. ಅಲ್ಲಿ ಗಡಿಯಾರವೂ ಇರಲಿಲ್ಲ, ಪದಕವೂ ಇರಲಿಲ್ಲ. ಹಗ್ಗವನ್ನು ಹಿಡಿದವರ ಮೇಲಿನ ನಂಬಿಕೆಯೊಂದೇ ನಮ್ಮನ್ನು ತೇಲಿಸುತ್ತಿತ್ತು. ಈ ದೇಶಕ್ಕೆ ಬಂದು, ರೆಸಿಡೆನ್ಸಿ ಮುಗಿಸಿ, ನಮ್ಮ ಮಗಳನ್ನು ಈಜು ಕ್ಲಬ್ಬಿಗೆ ಸೇರಿಸಿದಾಗ ಕಂಡದ್ದು ಬೇರೆಯೇ ಲೋಕ. ಇಲ್ಲಿ ಪ್ರತಿಯೊಂದು ಮಗುವಿಗೂ ಒಂದು ಸಾಲು, ಪ್ರತಿಯೊಂದು ಸಾಲಿಗೂ ಒಂದು ಗಡಿಯಾರ. ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ ಲೆಕ್ಕ. ಇದಕ್ಕಿಂತ ಏಕಾಂಗಿಯಾದ ಕ್ರೀಡೆ ಇನ್ನೊಂದಿಲ್ಲವೆಂದು ಆಗ ನಮಗೆ ತೋರಿತು.

ಈ ತಿಳಿವಳಿಕೆಯನ್ನು ಅಳಿಸಿದ್ದು ರಿಲೇ ಸ್ಪರ್ಧೆ. ನಾಲ್ವರು ಒಬ್ಬರಾದ ಮೇಲೊಬ್ಬರು ಈಜಬೇಕು. ನಾಲ್ವರಿಗೂ ಸೇರಿ ಒಂದೇ ಕಾಲ. ಒಂಟಿ ಸ್ಪರ್ಧೆಯಲ್ಲಿ ಸಂಕೇತದ ಶಬ್ದವನ್ನು ಕೇಳಿದ ಮೇಲೆ ಈಜುಗಾರನ ಪಾದಗಳು ಕಟ್ಟೆಯನ್ನು ಬಿಡಲು ಅರ್ಧ ಸೆಕೆಂಡಿಗೂ ಮಿಗಿಲಾದ ಹೊತ್ತು ಹಿಡಿಯುತ್ತದೆ. ರಿಲೇಯಲ್ಲಿ ಹಾಗಲ್ಲ. ಎದುರಿನಿಂದ ಬರುತ್ತಿರುವ ಸಹಚರನ ಕೈಬೀಸನ್ನು ಲೆಕ್ಕ ಹಾಕುತ್ತ, ಅವನು ಗೋಡೆ ಮುಟ್ಟುವ ಮೊದಲೇ ದೇಹವನ್ನು ಮುಂದಕ್ಕೆ ಬಾಗಿಸಬಹುದು. ಆದರೆ ಅವನು ಮುಟ್ಟುವವರೆಗೆ ಪಾದ ಕಟ್ಟೆಯನ್ನು ಬಿಡುವಂತಿಲ್ಲ. ಬಿಟ್ಟರೆ ಇಡೀ ತಂಡವೇ ಅನರ್ಹ. ಆದ್ದರಿಂದ ರಿಲೇಯಲ್ಲಿ ತೋಳಿನ ಬಲದಷ್ಟೇ ಬೆಲೆ ಇನ್ನೊಬ್ಬನನ್ನು ಅರಿತಿರುವುದಕ್ಕೂ ಉಂಟು.

ಇದಕ್ಕೆ ಉಜ್ವಲವಾದ ನಿದರ್ಶನ 2004ರ ಅಥೆನ್ಸ್ ಒಲಿಂಪಿಕ್ಸ್. 19 ವರ್ಷದ ಮೈಕೆಲ್ ಫೆಲ್ಪ್ಸ್ ಆಗಲೇ ಜಗತ್ತಿನ ಕಣ್ಣಾಗಿದ್ದ. 1972ರಲ್ಲಿ ಮಾರ್ಕ್ ಸ್ಪಿಟ್ಜ್ ಗಳಿಸಿದ್ದ ಏಳು ಚಿನ್ನದ ಪದಕಗಳನ್ನು ಸರಿಗಟ್ಟಿದರೆ ಹತ್ತು ಲಕ್ಷ ಡಾಲರು ಕೊಡುವುದಾಗಿ ಈಜುಡುಪಿನ ಕಂಪನಿ ಸ್ಪೀಡೋ ಘೋಷಿಸಿತ್ತು. ಆದರೆ 4×100 ಮೀಟರ್ ಫ್ರೀಸ್ಟೈಲ್ ರಿಲೇಯಲ್ಲಿ ಅಮೆರಿಕ ಮೂರನೆಯ ಸ್ಥಾನಕ್ಕೆ ಇಳಿಯಿತು. ಗಂಟಲುಬೇನೆಯಿಂದ ನರಳುತ್ತಿದ್ದ ಇಯಾನ್ ಕ್ರಾಕರ್ ಮೊದಲ 100 ಮೀಟರಿಗೆ 50.05 ಸೆಕೆಂಡು ತೆಗೆದುಕೊಂಡು ತಂಡವನ್ನು ಹಿಂದಕ್ಕೆ ಬಿಟ್ಟಿದ್ದ. ವೈದ್ಯರಾಗಿ ಹೇಳುವುದಾದರೆ, ಇಂಥ ಓಟದಲ್ಲಿ ಶರೀರದ ವೇಗ ನೂರಕ್ಕೆ ಒಂದು ಪಾಲು ಕುಗ್ಗಿದರೂ ಅರ್ಧ ಸೆಕೆಂಡು ಕೈತಪ್ಪುತ್ತದೆ. ಜನ ಆ ಲೆಕ್ಕವನ್ನು ಹಾಕುವುದಿಲ್ಲ. ತಪ್ಪಿತಸ್ಥನ ಹೆಸರನ್ನು ಮಾತ್ರ ನೆನಪಿಡುತ್ತಾರೆ.

ಕೆಲವು ದಿನಗಳ ಬಳಿಕ 100 ಮೀಟರ್ ಬಟರ್‌ಫ್ಲೈ ಸ್ಪರ್ಧೆಯಲ್ಲಿ ಇಬ್ಬರೂ ಎದುರಾದರು. ಫೆಲ್ಪ್ಸ್ 51.25, ಕ್ರಾಕರ್ 51.29. ಆ ವೇಗದಲ್ಲಿ ಈ 0.04 ಸೆಕೆಂಡೆಂದರೆ ಒಂದು ಅಂಗೈಯ ಅಗಲ. ಗೆದ್ದವನಿಗೇ ಮೆಡ್ಲೆ ರಿಲೇಯ ಅಂತಿಮ ಸುತ್ತಿನ ಬಟರ್‌ಫ್ಲೈ ಪಾಲು ಸಲ್ಲುವುದು ಅಮೆರಿಕ ತಂಡದ ಪದ್ಧತಿ. ಆದರೆ ಫೆಲ್ಪ್ಸ್ ಆ ಸ್ಥಾನವನ್ನು ಕ್ರಾಕರನಿಗೆ ಬಿಟ್ಟುಕೊಟ್ಟು, ತಾನು ಪ್ರೇಕ್ಷಕರ ನಡುವೆ ಕುಳಿತು ಕೂಗಿ ಹುರಿದುಂಬಿಸಿದ. ಕ್ರಾಕರ್ ತನ್ನ ಪಾಲನ್ನು 50.28 ಸೆಕೆಂಡುಗಳಲ್ಲಿ ಮುಗಿಸಿದ. ಪಿಯರ್‌ಸಾಲ್, ಹ್ಯಾನ್ಸನ್, ಕ್ರಾಕರ್, ಲೆಜಾಕ್ ಇವರ ತಂಡ 3 ನಿಮಿಷ 30.68 ಸೆಕೆಂಡುಗಳ ವಿಶ್ವದಾಖಲೆಯೊಡನೆ ಗೆದ್ದಿತು. ಪ್ರಾಥಮಿಕ ಸುತ್ತಿನಲ್ಲಿ ಈಜಿದವರಿಗೂ ಪದಕ ಸಲ್ಲುವುದರಿಂದ ಫೆಲ್ಪ್ಸ್‌ಗೂ ಚಿನ್ನ ದೊರೆಯಿತು. ಆದ್ದರಿಂದ ಅವನು ತ್ಯಾಗ ಮಾಡಿದ್ದು ಪದಕವನ್ನಲ್ಲ ಎಂದು ವಾದಿಸುವವರುಂಟು, ಮಾತು ನಿಜವೇ. ಅವನು ಬಿಟ್ಟುಕೊಟ್ಟದ್ದು ಅಂತಿಮ ಸುತ್ತಿನ ಬೆಳಕನ್ನು. ತನ್ನ ಕನಸಿಗೆ ಎಡವುಗಲ್ಲಾದವನಿಗೇ ತಲೆಯೆತ್ತಿ ನಡೆಯುವ ಅವಕಾಶವನ್ನು ಅವನು ನೀಡಿದ. ತಾರೆಯಾದವನಿಗೆ ಬೆಳಕನ್ನು ಬಿಟ್ಟುಕೊಡುವುದು ಪದಕವನ್ನು ಬಿಟ್ಟುಕೊಡುವುದಕ್ಕಿಂತ ಸುಲಭವೆಂದು ನಾವು ತಿಳಿಯುವುದಿಲ್ಲ.

ಅದೇ ವರ್ಷ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಪ್ರಸಂಗ ನಡೆದಿತ್ತು. ಮಾರ್ಚ್ ತಿಂಗಳಿನಲ್ಲಿ ಸಿಡ್ನಿಯಲ್ಲಿ ನಡೆದ ಆಸ್ಟ್ರೇಲಿಯದ ಆಯ್ಕೆ ಸ್ಪರ್ಧೆಯಲ್ಲಿ, 400 ಮೀಟರ್ ಫ್ರೀಸ್ಟೈಲಿನ ಒಲಿಂಪಿಕ್ ವಿಜೇತನೂ ವಿಶ್ವದಾಖಲೆಯ ಒಡೆಯನೂ ಆಗಿದ್ದ ಇಯಾನ್ ಥಾರ್ಪ್ ಕಟ್ಟೆಯ ಮೇಲೆ ಸಮತೋಲ ತಪ್ಪಿ, ಸಂಕೇತಕ್ಕೆ ಮೊದಲೇ ನೀರಿಗೆ ಬಿದ್ದು ಅನರ್ಹನಾದ. ಅವನು ಕಳೆದುಕೊಂಡ ಸ್ಥಾನ ಕ್ರೇಗ್ ಸ್ಟೀವನ್ಸ್ ಎಂಬ ಯುವಕನದಾಯಿತು. ಸ್ಟೀವನ್ಸ್ ಬಿಟ್ಟುಕೊಡುವನೇ ಎಂದು ವಾರಗಟ್ಟಲೆ ದೇಶವೇ ಕಾದುನಿಂತಿತು. ಕೊನೆಗೆ ಅವನು ಬಿಟ್ಟುಕೊಟ್ಟ. ಥಾರ್ಪ್ ಅಥೆನ್ಸಿನಲ್ಲಿ ಆ ಚಿನ್ನವನ್ನು ಮತ್ತೆ ಗೆದ್ದ.

ಈ ಎರಡೂ ಪ್ರಸಂಗಗಳನ್ನು ಪತ್ರಿಕೆಗಳು ಕ್ರೀಡಾ ಮನೋಭಾವವೆಂಬ ಒಂದೇ ಹೆಸರಿನಿಂದ ಕರೆದವು. ನಮಗೆ ಮಾತ್ರ ಅವು ಒಂದೇ ಆಗಿ ಕಾಣುವುದಿಲ್ಲ. ಫೆಲ್ಪ್ಸ್‌ನನ್ನು ಯಾರೂ ಕೇಳಿರಲಿಲ್ಲ. ಅವನು ಕೊಡದಿದ್ದರೆ ಯಾರೂ ದೂರುತ್ತಿರಲಿಲ್ಲ. ಸ್ಟೀವನ್ಸ್ ಕೊಡದಿದ್ದರೆ ಅವನ ಗತಿ ಏನಾಗುತ್ತಿತ್ತು? ಇಲ್ಲವೆನ್ನುವ ಸ್ವಾತಂತ್ರ್ಯವಿದ್ದಾಗ ಮಾತ್ರ ದಾನ ದಾನವೆನಿಸುತ್ತದೆ. ಸ್ಟೀವನ್ಸನ ಔದಾರ್ಯವನ್ನು ನಾವು ಕಡಿಮೆಯೆನ್ನುವುದಿಲ್ಲ. ಆದರೆ ಪ್ರಸಿದ್ಧಿಯ ಭಾರ ಅಪ್ರಸಿದ್ಧನ ಹೆಗಲ ಮೇಲೆ ಬೀಳುವುದನ್ನು ತಂಡನಿಷ್ಠೆಯೆಂದು ಹೊಗಳುವ ಮುನ್ನ ಎರಡು ಸಲ ಯೋಚಿಸಬೇಕು.

ಪ್ರಸಿದ್ಧಿಗೆ ಇನ್ನೊಂದು ಮುಖವೂ ಇದೆ. 2008ರ ಬೀಜಿಂಗಿನಲ್ಲಿ ಫೆಲ್ಪ್ಸ್ ಎಂಟು ಚಿನ್ನ ಗೆದ್ದ. ಅವುಗಳಲ್ಲಿ ಮೂರು ರಿಲೇಯವು. 4×100 ಮೀಟರ್ ಫ್ರೀಸ್ಟೈಲ್ ರಿಲೇಯ ಕೊನೆಯ ಪಾಲಿನಲ್ಲಿ ಫ್ರಾನ್ಸಿನ ಆಲೆನ್ ಬರ್ನಾರ್ ಮುಂದಿದ್ದ. 32 ವರ್ಷದ ಜೇಸನ್ ಲೆಜಾಕ್ ಅವನನ್ನು ಬೆನ್ನಟ್ಟಿ, 46.06 ಸೆಕೆಂಡುಗಳಲ್ಲಿ 100 ಮೀಟರ್ ಕ್ರಮಿಸಿ, 0.08 ಸೆಕೆಂಡಿನಿಂದ, ಎಂದರೆ ಒಂದು ಗೇಣಿಗೂ ಕಡಿಮೆ ಅಂತರದಿಂದ, ಮೊದಲಿಗೆ ಗೋಡೆ ಮುಟ್ಟಿದ. ಆ ಗೇಣಿಲ್ಲದಿದ್ದರೆ ಎಂಟು ಏಳಾಗುತ್ತಿತ್ತು. ಇಂದು ಫೆಲ್ಪ್ಸ್ ಹೆಸರು ಮನೆಮಾತು. ಲೆಜಾಕ್ ಯಾರೆಂದು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು? ಸೋತ ಬರ್ನಾರನೂ ಕುಗ್ಗಲಿಲ್ಲ. ಅದೇ ವಾರ 100 ಮೀಟರ್ ಫ್ರೀಸ್ಟೈಲಿನ ಚಿನ್ನವನ್ನು ಗೆದ್ದ.

ಇನ್ನು ಆ ಕೀರ್ತಿ ಕೀರ್ತಿವಂತನಿಗಾದರೂ ಸುಖ ತಂದಿತೇ? ಪ್ರತಿ ಒಲಿಂಪಿಕ್ಸ್ ಮುಗಿದ ಮೇಲೂ ತಾನು ಖಿನ್ನತೆಗೆ ಜಾರುತ್ತಿದ್ದುದನ್ನು, 2012ರ ಬಳಿಕ ಬದುಕುವ ಆಸೆಯನ್ನೇ ಕಳೆದುಕೊಂಡಿದ್ದುದನ್ನು ಫೆಲ್ಪ್ಸ್ 2018ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಥಾರ್ಪ್ ಅವರೂ 2012ರಲ್ಲಿ ಹೊರಬಂದ ತಮ್ಮ ಆತ್ಮಕಥೆಯಲ್ಲಿ ಖಿನ್ನತೆಯೊಡನೆ ನಡೆಸಿದ ಹೋರಾಟವನ್ನು ಬರೆದರು. ಖಿನ್ನತೆಗೆ ಕಾರಣಗಳು ಹಲವು. ಕೀರ್ತಿಯೊಂದನ್ನೇ ಹೊಣೆ ಮಾಡುವುದು ವೈದ್ಯಶಾಸ್ತ್ರಕ್ಕೆ ಒಪ್ಪುವ ಮಾತಲ್ಲ. ಆದರೆ ತಾನು ಗಡಿಯಾರದ ಒಂದು ಅಂಕಿ ಮಾತ್ರ ಎಂದು ನಂಬಿ ಬೆಳೆದ ಮಗುವಿಗೆ ಅಂಕಿ ಹಿಂದೆಬಿದ್ದ ದಿನ ನಿಲ್ಲಲು ನೆಲವಿರುವುದಿಲ್ಲ ಎಂಬುದನ್ನು ನಮ್ಮ ಚಿಕಿತ್ಸಾಲಯದಲ್ಲಿಯೂ ಕಂಡಿದ್ದೇವೆ. ಬೆಂಗಳೂರಿನ ನಿಶಾ ಮಿಲ್ಲೆಟ್ 2000ದಲ್ಲಿ ಸಿಡ್ನಿಯಲ್ಲಿ ಈಜಿದಾಗ, 14 ವರ್ಷದ ಧಿನಿಧಿ ದೇಸಿಂಘು 2024ರಲ್ಲಿ ಪ್ಯಾರಿಸ್ಸಿನಲ್ಲಿ ಈಜಿದಾಗ ನಾವೆಲ್ಲ ಹೆಮ್ಮೆಪಟ್ಟೆವು. ಹೆಮ್ಮೆ ಪಡೋಣ, ಆದರೆ ಅಂಥ ಎಳೆಯರ ಹೆಸರನ್ನು ಹಿಡಿದು ನಮ್ಮ ಮನೆಯ ಮಕ್ಕಳನ್ನು ಅಳೆಯುವುದು ಬೇಡ.

ಇಷ್ಟು ಹೇಳುವ ಯೋಗ್ಯತೆ ನಮಗೆ ಹುಟ್ಟಿನಿಂದ ಬಂದದ್ದಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಮ್ಮ ಮಗಳಿಗೆ 12 ವರ್ಷವಾಗಿದ್ದಾಗ ತರಬೇತುದಾರರು ಅವಳನ್ನು ಮೊದಲನೆಯ ರಿಲೇ ತಂಡಕ್ಕೆ ಸೇರಿಸದೆ ಎರಡನೆಯದಕ್ಕೆ ಸೇರಿಸಿದರು. ನಾವು ಅವಳ ಸಮಯಗಳನ್ನೆಲ್ಲ ಕಾಗದದಲ್ಲಿ ಬರೆದುಕೊಂಡು ಹೋಗಿ ವಾದಿಸಿದೆವು. ಆಯ್ಕೆಯಾದ ಹುಡುಗಿಗಿಂತ ನಮ್ಮವಳು ಸೆಕೆಂಡಿನ ಹತ್ತನೆಯ ಎರಡು ಭಾಗ ವೇಗದವಳೆಂದು ತೋರಿಸಿದೆವು. ತರಬೇತುದಾರರು ಸಮಾಧಾನದಿಂದ, ಆ ಹುಡುಗಿಯ ಜಿಗಿತ ಸಹಚರಿಯ ಸ್ಪರ್ಶಕ್ಕೆ ಚೆನ್ನಾಗಿ ಹೊಂದಿಕೊಳ್ಳುವುದರಿಂದ ರಿಲೇಯಲ್ಲಿ ಅವಳದೇ ಉತ್ತಮವಾದ ಕಾಲವೆಂದು ವಿವರಿಸಿದರು. ಮನೆಗೆ ಹಿಂದಿರುಗುವಾಗ ಮಗಳು ದಾರಿಯುದ್ದಕ್ಕೂ ಮಾತನಾಡಲಿಲ್ಲ. ಕಾರು ನಿಂತ ಮೇಲೆ, “ಅಪ್ಪಾ, ಅವಳು ಅಲ್ಲೇ ನಿಂತಿದ್ದಳು. ಅವಳ ಎದುರಿಗೇ ಅವಳ ಟೈಮು ಓದಿದಿರಿ” ಎಂದಳು.

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಸೀಟು, ರ‍್ಯಾಂಕು, ವೀಸಾ ಎಂದು ಒಬ್ಬೊಬ್ಬರಾಗಿಯೇ ಸ್ಪರ್ಧಿಸಿ ಇಲ್ಲಿಗೆ ಬಂದವರು ನಾವು. ಇನ್ನೊಬ್ಬರನ್ನು ಹಿಂದಿಕ್ಕಿದ್ದರಿಂದಲೇ ಮುಂದೆ ಬಂದೆವೆಂಬ ನಂಬಿಕೆ ನಮ್ಮ ಎಲುಬಿನೊಳಗೆ ಇಳಿದಿದೆ. ಬಾವಿಯ ಕಟ್ಟೆಯ ಮೇಲೆ ಹಗ್ಗ ಹಿಡಿದು ನಿಂತಿದ್ದ ಚಿಕ್ಕಪ್ಪನನ್ನು ನಾವು ಮರೆತೇಬಿಟ್ಟಿದ್ದೆವು.

ಮುಂದಿನ ಸ್ಪರ್ಧೆಗಳಲ್ಲಿ ನಾವು ವಾದ ಬಿಟ್ಟು, ಸ್ಟಾಪ್‌ವಾಚ್ ಹಿಡಿದು ಸ್ವಯಂಸೇವಕರಾಗಿ ಸಾಲಿನ ತುದಿಯಲ್ಲಿ ನಿಂತೆವು. ಅಲ್ಲಿಂದ ಕಂಡ ಒಂದು ದೃಶ್ಯ ಇಂದಿಗೂ ಮನಸ್ಸಿನಲ್ಲಿದೆ. ಗೆದ್ದ ಮಗು ಕೂಡಲೇ ನೀರಿನಿಂದ ಮೇಲೇಳುವುದಿಲ್ಲ. ಕೊನೆಯ ಮಗು ಗೋಡೆ ಮುಟ್ಟುವವರೆಗೆ ಎಲ್ಲರೂ ನೀರಿನಲ್ಲೇ ಕಾಯುತ್ತಾರೆ. ಆಮೇಲೆ ಸಾಲಿನ ಹಗ್ಗದ ಮೇಲಿಂದ ಒಬ್ಬರಿಗೊಬ್ಬರು ಕೈ ಚಾಚುತ್ತಾರೆ.

ದೊಡ್ಡವರ ಸ್ಪರ್ಧೆಯಲ್ಲಿಯೂ ಕಾಯುವುದಕ್ಕೆ ಬೆಲೆಯುಂಟು. 2001ರಲ್ಲಿ ಜಪಾನಿನ ಫುಕುವೊಕಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪಿನ ಮಹಿಳೆಯರ 4×200 ಮೀಟರ್ ರಿಲೇಯಲ್ಲಿ ಆಸ್ಟ್ರೇಲಿಯ ಮೊದಲು ಮುಟ್ಟಿತು. ಆದರೆ ಇತರ ತಂಡಗಳೆಲ್ಲ ಮುಗಿಸುವ ಮೊದಲೇ ಅದರ ಈಜುಗಾರ್ತಿಯರು ಸಂತೋಷದಿಂದ ನೀರಿಗೆ ಹಾರಿದ್ದರಿಂದ ತಂಡ ಅನರ್ಹವಾಯಿತು. ಅಮೆರಿಕದ ತಂಡವೂ ಅವಧಿಗೆ ಮುನ್ನ ಜಿಗಿದ ತಪ್ಪಿಗೆ ಅನರ್ಹವಾಗಿ, ಚಿನ್ನ ಬ್ರಿಟನ್ನಿನ ಪಾಲಾಯಿತು. ನಿಯಮ ಕಠಿಣವೆನಿಸಬಹುದು. ಆದರೆ ಕೊನೆಯವರು ಇನ್ನೂ ಈಜುತ್ತಿರುವಾಗ ಸ್ಪರ್ಧೆ ಮುಗಿದಿಲ್ಲವೆಂಬುದು ಅದರ ತಿರುಳು.

ಬಂಧುಗಳೇ, ಮುಂದಿನ ಸಲ ಮಗು ಈಜಿ ಬಂದಾಗ “ಎಷ್ಟು ಸೆಕೆಂಡು?” ಎಂದು ಕೇಳುವ ಮೊದಲು, “ನಿನ್ನ ಪಕ್ಕದ ಸಾಲಿನಲ್ಲಿ ಈಜಿದವರು ಯಾರು?” ಎಂದು ಕೇಳಿ ನೋಡಿ. ಆ ಹೆಸರು ಮಗುವಿಗೆ ತಿಳಿದಿದ್ದರೆ, ಬೆಳಗಿನ ಐದು ಗಂಟೆಗೆ ಎದ್ದದ್ದು ಸಾರ್ಥಕವಾಯಿತೆಂದು ನಂಬಬಹುದು.