ಏರಿದ್ದರ ಲೆಕ್ಕ

ಡಿಸೆಂಬರಿನ ಬೆಳಗು ಆರು ಗಂಟೆಗೆ ಚಿಕ್ಕಮಗಳೂರು ಪೇಟೆ ಇನ್ನೂ ಮಂಜು ಹೊದ್ದುಕೊಂಡಿತ್ತು. ನಾವು ನಾಲ್ವರು ಸ್ನೇಹಿತರು, ನಾಲ್ಕು ಮೌಂಟನ್ ಬೈಕು. ನಮ್ಮಷ್ಟಕ್ಕೆ ನಾವೇ ಕಟ್ಟಿಕೊಂಡ ಮೂರು ದಿನದ ಸ್ಟೇಜ್ ರೇಸ್. ಮೊದಲ ದಿನ ಮುಳ್ಳಯ್ಯನಗಿರಿ ಹತ್ತಿ, ಇಳಿದು, ಮೂಡಿಗೆರೆ. ಮರುದಿನ ಕೊಟ್ಟಿಗೆಹಾರದ ಮೇಲೆ ಕಳಸ. ಮೂರನೆಯ ದಿನ ವಾಪಸ್.

ಜಗತ್ತಿನ ಎತ್ತರದ ರೇಸುಗಳ ಮುಂದೆ ಇದನ್ನಿಟ್ಟರೆ ಅಂಕಿಗಳು ಚಿಕ್ಕವು. ಶಿಮ್ಲಾದಿಂದ ಹೊರಡುವ ಎಂಟಿಬಿ ಹಿಮಾಲಯ 2005ರಲ್ಲಿ ಶುರುವಾಯಿತು. ನೇಪಾಳದ ಯಾಕ್ ಅಟ್ಯಾಕ್ ರೇಸಿನವರು ಸೈಕಲನ್ನು ಬೆನ್ನಿಗೇರಿಸಿಕೊಂಡು 5,416 ಮೀಟರ್ ಎತ್ತರದ ಥೊರೊಂಗ್ ಲಾ ಕಣಿವೆ ದಾಟಿದವರು. ಅಮೆರಿಕದ ಕೊಲರಾಡೊದಲ್ಲಿ ಬ್ರೆಕ್ ಎಪಿಕ್ ಎಂಬ ಆರು ದಿನದ ರೇಸಿದೆ. ಅದು ನಡೆಯುವ ಬ್ರೆಕೆನ್‌ರಿಜ್ ಊರೇ ಸುಮಾರು 2,900 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ತುದಿ ನಮ್ಮ ಗಿರಿ. ಅದರ ಎತ್ತರ 1,930 ಮೀಟರ್. ಅವರು ಬೆಳಿಗ್ಗೆ ಹಲ್ಲುಜ್ಜುವ ಜಾಗ ನಮ್ಮ ನೆತ್ತಿಗಿಂತ ಸುಮಾರು ಒಂದು ಕಿಲೋಮೀಟರ್ ಮೇಲಿದೆ.

ಗಾಳಿಯ ಲೆಕ್ಕವೂ ಹೀಗೇ. ಮಂಗಳೂರಿನ ಕಡಲ ದಂಡೆಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕವನ್ನು ನೂರು ಎಂದಿಟ್ಟುಕೊಂಡರೆ ಚಿಕ್ಕಮಗಳೂರು ಪೇಟೆಯಲ್ಲಿ ಅದು 88ರ ಸುತ್ತಮುತ್ತ, ಗಿರಿಯ ತುದಿಯಲ್ಲಿ 80. ಥೊರೊಂಗ್ ಲಾದಲ್ಲಿ ಐವತ್ತಕ್ಕೆ ಒಂಚೂರು ಮೇಲೆ, ಅಷ್ಟೆ. ನಮಗೆ ಕಮ್ಮಿಯಾಗುವುದು ಐದರಲ್ಲಿ ಒಂದು ಪಾಲು. ಕಾಗದದ ಮೇಲೆ ಅದು ಏನೂ ಅಲ್ಲ ಎನಿಸುತ್ತದೆ.

ಕೈಮರದ ತನಕ ರಸ್ತೆ ನಮ್ಮ ಜೊತೆ ಮಾತಾಡುತ್ತಾ ಬಂತು. ಅಲ್ಲಿಂದ ಮುಂದೆ ನಮ್ಮ ಮಾತು ನಿಂತಿತು. ಕಾಫಿ ತೋಟದ ಸಿಲ್ವರ್ ಮರಗಳು ಒಂದೊಂದಾಗಿ ಹಿಂದೆ ಸರಿದವು. ಬೋಳು ಹುಲ್ಲುಗುಡ್ಡ ಶುರುವಾಯಿತು, ಕಣಿವೆಯ ಮಡಿಲುಗಳಲ್ಲಿ ಮಾತ್ರ ಕಪ್ಪಗೆ ಶೋಲಾ ಕಾಡು. ನಾನು ಅತಿ ಹಗುರದ ಗೇರಿಗೆ ಇಳಿದೆ. ಆ ಗೇರಿನಲ್ಲಿ ಪೆಡಲ್ ಒಂದು ಪೂರ್ತಿ ಸುತ್ತು ಬಂದರೆ ಸೈಕಲ್ ಮುಂದೆ ಹೋಗುವುದು ಒಂದೂವರೆ ಮೀಟರಿಗಿಂತ ಕಡಿಮೆ. ಕಿಲೋಮೀಟರಿಗೆ 700 ಸುತ್ತು. ಇಂಥ ಹತ್ತು ಕಿಲೋಮೀಟರಿಗೆ 7,000.

ನನ್ನ ತೂಕ 66 ಕಿಲೋ, ಸೈಕಲ್ 12, ನೀರು ತಿಂಡಿ ಸೇರಿ ಇನ್ನೆರಡು. ಒಟ್ಟು 80 ಕಿಲೋ. ಪೇಟೆ ಇರುವುದು ಸುಮಾರು 1,090 ಮೀಟರಿನಲ್ಲಿ, ಹಾಗಾಗಿ ಈ 80 ಕಿಲೋವನ್ನು 840 ಮೀಟರ್ ಮೇಲಕ್ಕೆತ್ತಬೇಕು. ಅದಕ್ಕೆ ಬೇಕಾದ ಶಕ್ತಿಯನ್ನು ಆಮೇಲೆ ಕೂತು ಲೆಕ್ಕ ಹಾಕಿದಾಗ ನಂಬಲಿಕ್ಕಾಗಲಿಲ್ಲ: ಸುಮಾರು ಆರೂವರೆ ಲಕ್ಷ ಜೂಲ್. ಎರಡು ಲೀಟರ್ ತಣ್ಣೀರನ್ನು ಒಲೆಯ ಮೇಲಿಟ್ಟು ಕುದಿ ಬರಿಸಲು ಬೇಕಾಗುವ ಶಾಖವೂ ಇಷ್ಟೇ! ಮನೆಮಂದಿಗೆಲ್ಲ ಡಿಕಾಕ್ಷನ್ ಹಾಕಲು ಅಮ್ಮ ಪ್ರತಿದಿನ ಬೆಳಿಗ್ಗೆ ಸದ್ದಿಲ್ಲದೆ ಸುಡುವ ಬೆಂಕಿ ಒಬ್ಬ ಮನುಷ್ಯನನ್ನು ಸೈಕಲ್ ಸಮೇತ ಕರ್ನಾಟಕದ ನೆತ್ತಿಗೇರಿಸಬಲ್ಲದು.

ದೇಹ ಮಾತ್ರ ಒಲೆಯಷ್ಟು ಸಲೀಸಾಗಿ ಕೊಡುವುದಿಲ್ಲ. ಸ್ನಾಯು ಒಂದು ಪಾಲು ಕೆಲಸ ಮಾಡಬೇಕಾದರೆ ಮೂರು ಪಾಲನ್ನು ಬರೀ ಶಾಖವಾಗಿ ಕಳೆಯುತ್ತದೆ. ಎತ್ತುವ ಕೆಲಸವೊಂದಕ್ಕೇ ಹೆಚ್ಚುಕಡಿಮೆ 180 ಗ್ರಾಂ ಅಕ್ಕಿಯ ಅನ್ನ ಉರಿದುಹೋಗಬೇಕು. ಕೈಬೆರಳು ಮರಗಟ್ಟುವ ಚಳಿಯಲ್ಲೂ ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿದ್ದುದು ಆ ಮೂರು ಪಾಲಿನಿಂದಲೇ.

ಉಸಿರಿನ ಲೆಕ್ಕ ಇನ್ನೂ ದೊಡ್ಡದು. ಸುಮ್ಮನೆ ಕೂತವರು ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಎಳೆದುಕೊಳ್ಳುತ್ತಾರೆ. ಏರಿನಲ್ಲಿ ತುಳಿಯುವವನಿಗೆ 70 ಲೀಟರಾದರೂ ಬೇಕು. ಎರಡು ಗಂಟೆಯ ಹತ್ತುವಿಕೆಗೆ 8,000 ಲೀಟರಿಗೂ ಮೇಲೆ. ಮನೆಯ ತಾರಸಿ ಮೇಲಿನ ಸಾವಿರ ಲೀಟರಿನ ಕಪ್ಪು ಟ್ಯಾಂಕ್ ನೆನಪಿಸಿಕೊಳ್ಳಿ, ಅಂಥ ಎಂಟು ಟ್ಯಾಂಕು ಗಾಳಿ ಎರಡು ಪುಪ್ಪುಸಗಳ ಒಳಹೊಕ್ಕು ಹೊರಬಂತು. ನಿಮಿಷಕ್ಕೆ 150ರಂತೆ ಹೃದಯ 18,000 ಸಲ ಬಡಿಯಿತು. ಆ ಐದರಲ್ಲೊಂದು ಪಾಲಿನ ಕೊರತೆ ಏನೆಂದು ಅರ್ಥವಾದದ್ದು ಕೊನೆಯ ತಿರುವುಗಳಲ್ಲಿ. ಅಲ್ಲಿ ಎದುರಿಗೆ ಜೀಪು ಬಂದರೆ ಸೈಕಲ್ ಬದಿಗೆ ತಗೊಳ್ಳಲು ಕೂಡ ಒಂದು ಉಸಿರು ಉಳಿಸಿಟ್ಟುಕೊಳ್ಳಬೇಕಿತ್ತು.

ಒಂದು ತಿರುವಿನಲ್ಲಿ ಕಾಲು ಊರಿ ನಿಂತೆ. ಹ್ಯಾಂಡಲಿನ ಮೇಲೆ ಹಣೆ ಇಟ್ಟಾಗ ಕಣ್ಣಿಗೆ ಬಿದ್ದದ್ದು ರಸ್ತೆ ಕೊರೆದ ಗುಡ್ಡದ ಗೋಡೆ. ಕೆಂಪು, ಕಪ್ಪು, ಮತ್ತೆ ಕೆಂಪು. ಪುಸ್ತಕದ ಹಾಳೆ ಅಂಟಿಸಿಟ್ಟಂತೆ ಬೆರಳಗಲದ ಪಟ್ಟೆಗಳು. ಬಿದ್ದಿದ್ದ ಚೂರೊಂದನ್ನು ಎತ್ತಿಕೊಂಡೆ. ಅಂಗೈಯಷ್ಟೇ ಇದ್ದರೂ ಸಾಮಾನ್ಯ ಕಲ್ಲಿಗಿಂತ ಭಾರ. ಇದು ಕಬ್ಬಿಣದ ಪಟ್ಟೆಕಲ್ಲು. ಇಂಥ ಪದರಗಳಿಗೆ ಭೂವಿಜ್ಞಾನಿಗಳು ಇಟ್ಟ ಹೆಸರಿನಲ್ಲೂ ಮುಳ್ಳಯ್ಯನಗಿರಿಯೇ ಇದೆ. ಇದೇ ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಾರ್ಖಾನೆಗೆ ಅದಿರು ಹೋಗುತ್ತಿತ್ತು.

ಈ ಸಾಲಿನ ಕಲ್ಲಿನ ವಯಸ್ಸು 270 ಕೋಟಿ ವರ್ಷದ ಆಸುಪಾಸು. ಭಾರತದ ನೆಲ ಏಷ್ಯಾಕ್ಕೆ ಢಿಕ್ಕಿ ಹೊಡೆದು ಹಿಮಾಲಯ ಏಳತೊಡಗಿ ಆಗಿರುವುದು ಸುಮಾರು 5 ಕೋಟಿ ವರ್ಷ. ಥೊರೊಂಗ್ ಲಾದ ಎತ್ತರ ನಮ್ಮ ಗಿರಿಯ ಎರಡೂಮುಕ್ಕಾಲು ಪಟ್ಟು ಹೌದು, ಆದರೆ ಆ ಬೆಟ್ಟಸಾಲು ಏಳತೊಡಗುವ ಹೊತ್ತಿಗೆ ನನ್ನ ಕೈಯಲ್ಲಿದ್ದ ಚೂರು 265 ಕೋಟಿ ವರ್ಷ ಕಳೆದಾಗಿತ್ತು.

ಇದು ಕಡಲ ತಳದಲ್ಲಿ ಪದರಗಟ್ಟಿದ ಕಾಲದಲ್ಲಿ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿಯೇ ಕಬ್ಬಿಣ ನೀರಿನಲ್ಲಿ ಕರಗಿಕೊಂಡಿರಲು ಆಗುತ್ತಿತ್ತು. ಕಣ್ಣಿಗೆ ಕಾಣದ ಜೀವಿಗಳು ಬಿಸಿಲು ಕುಡಿದು ಒಂದಿಷ್ಟು ಆಮ್ಲಜನಕ ಬಿಟ್ಟಾಗ ಕಬ್ಬಿಣ ಅದನ್ನು ಹಿಡಿದುಕೊಂಡು ತುಕ್ಕಾಗಿ ತಳಕ್ಕಿಳಿಯಿತು ಎಂಬುದು ಹೆಚ್ಚು ಮಂದಿ ಒಪ್ಪುವ ವಿವರಣೆ. ಗಾಳಿಯಲ್ಲಿ ಆಮ್ಲಜನಕ ಗಣನೀಯವಾಗಿ ಸೇರತೊಡಗಿದ್ದು ಆಮೇಲೆ, ಸುಮಾರು 240 ಕೋಟಿ ವರ್ಷದ ಹಿಂದೆ. ನಾನು ಬಾಯಿಬಿಟ್ಟು ಎಳೆದುಕೊಳ್ಳುತ್ತಿದ್ದುದೂ ಅದನ್ನೇ. ನೂರರಲ್ಲಿ ಇಪ್ಪತ್ತು ಪಾಲು ಕಮ್ಮಿಯಾಯಿತೆಂದು ಕಾಲು ನಡುಗುತ್ತಿದ್ದವನು ಹಣೆ ಬಾಗಿಸಿ ನಿಂತದ್ದು, ಈ ಭೂಮಿ ಬಿಟ್ಟ ಮೊದಮೊದಲ ಉಸಿರುಗಳನ್ನು ಕಲ್ಲಾಗಿ ಹಿಡಿದಿಟ್ಟುಕೊಂಡ ಗೋಡೆಯ ಎದುರಿಗೆ. ಚೂರನ್ನು ಇದ್ದಲ್ಲೇ ಇಟ್ಟೆ. ಅಷ್ಟು ಹೊತ್ತು ನಿಂತದ್ದಕ್ಕೆ ಸ್ನೇಹಿತರಿಗಿಂತ ಹನ್ನೊಂದು ನಿಮಿಷ ಹಿಂದೆ ಬಿದ್ದೆ. ಆ ಹನ್ನೊಂದು ನಿಮಿಷದ ಬಗ್ಗೆ ನನಗೆ ಈಗಲೂ ಬೇಸರವಿಲ್ಲ.

ಮೇಲೆ ಮುಳ್ಳಪ್ಪಸ್ವಾಮಿ ಗದ್ದುಗೆಗೆ ಕೈಮುಗಿದು, ಗಾಳಿಗೆ ನಿಲ್ಲಲಾರದೆ ಬೇಗ ಇಳಿದೆವು. ಎರಡು ಗಂಟೆ ಹತ್ತಿದ್ದನ್ನು ಬ್ರೇಕು ಮುಕ್ಕಾಲು ಗಂಟೆಯಲ್ಲಿ ಮುಗಿಸಿತು.

ಮಧ್ಯಾಹ್ನದ ಮೂಡಿಗೆರೆ ದಾರಿಯಲ್ಲಿ ಕುಯ್ಲು ಜೋರಾಗಿತ್ತು. ನೀರಿಗೆಂದು ನಿಂತಲ್ಲಿ ಬೇಲಿಯಾಚೆ ಒಬ್ಬ ಹೆಂಗಸು ಸೊಂಟಕ್ಕೆ ಚೀಲ ಕಟ್ಟಿಕೊಂಡು ಅರೇಬಿಕಾ ಹಣ್ಣು ಆರಿಸುತ್ತಿದ್ದರು.

"ಗಿರಿಗೆ ಹೋಗಿದ್ರಾ ಸಾರ್, ಸೈಕಲ್ ಮೇಲೆ?" ಎಂದು ಕೇಳಿದರು.

"ಹೌದಮ್ಮ. ನಿಮ್ಮದು ಇವತ್ತು ಎಷ್ಟಾಯ್ತು?"

"ಸಂಜೆ ತೂಕಕ್ಕೆ ಐವತ್ತು ಕೆಜಿ ಆಗ್ಬೋದು. ಕಾಯಿ ಬಿಟ್ಟು ಹಣ್ಣಷ್ಟೇ ತೆಗೀಬೇಕಲ್ಲ, ಅದ್ಕೇ ನಿಧಾನ."

ಹಣ್ಣೊಂದು ಒಂದೂವರೆಯಿಂದ ಎರಡು ಗ್ರಾಂ ತೂಗುತ್ತದೆ. ಐವತ್ತು ಕಿಲೋಗೆ 25,000 ಹಣ್ಣಿಗೆ ಕಡಿಮೆಯಿಲ್ಲ. ಕೆಂಪು ಯಾವುದು, ಇನ್ನೂ ಹಸಿರು ಯಾವುದು ಎಂದು ನೋಡಿ ನೋಡಿ ಆ ಬೆರಳು ತೀರ್ಮಾನಿಸಬೇಕು. ಗಿರಿಯ ಕಡಿದಾದ ಹತ್ತು ಕಿಲೋಮೀಟರಿಗೆ ನನ್ನ ಕಾಲು ತುಳಿದ 7,000 ಸುತ್ತು ಅದರ ಮೂರರಲ್ಲೊಂದು ಪಾಲೂ ಅಲ್ಲ. ನಾನು ತುಳಿಯುವುದು ಮೂರು ದಿನ, ಅವರ ಕುಯ್ಲು ಫೆಬ್ರವರಿ ಹತ್ತಿರದವರೆಗೆ. ಒಂದು ಲೋಟ ಗಟ್ಟಿ ಕಾಫಿಗೆ ಮೂವತ್ತು ನಲವತ್ತು ಹಣ್ಣಾದರೂ ಬೇಕು ಎಂಬುದು ಆ ಸಂಜೆಯಿಂದ ನನ್ನ ಕೈಯ ಲೋಟದಲ್ಲೇ ಉಳಿದುಬಿಟ್ಟಿದೆ.

ಯೆಮನ್‌ನಿಂದ ಸಂತ ಬಾಬಾಬುಡನ್ ಈ ಬೆಟ್ಟಗಳಿಗೆ ತಂದದ್ದು ಏಳು ಕಾಫಿ ಬೀಜ ಎಂಬುದು ಪ್ರತೀತಿ. ಇಂದು ಜಿಲ್ಲೆಯಲ್ಲಿ ಸುಮಾರು 90,000 ಹೆಕ್ಟೇರ್, ಅಂದರೆ ಎರಡು ಲಕ್ಷ ಎಕರೆಗೂ ಮೇಲೆ ಕಾಫಿ. ಆರಡಿಗೊಂದರಂತೆ ನೆಟ್ಟರೆ ಎಕರೆಗೆ 1,200 ಅರೇಬಿಕಾ ಹಿಡಿಸುತ್ತದೆ, ರೊಬಸ್ಟಾ ಅದರ ಅರ್ಧವೂ ಇಲ್ಲ. ಸರಾಸರಿ 800 ಎಂದರೂ ಹದಿನಾರು ಕೋಟಿ ಗಿಡ ದಾಟುತ್ತದೆ. ಒಂದೊಂದು ಗಿಡದ ಹತ್ತಿರವೂ ವರ್ಷಕ್ಕೊಮ್ಮೆಯಾದರೂ ಒಂದು ಕೈ ಬರಲೇಬೇಕು.

ಮೂಡಿಗೆರೆ ತಲುಪುವಾಗ ದೀಪ ಹತ್ತಿತ್ತು. ಹ್ಯಾಂಡಲಿನ ಮೀಟರು ಇಡೀ ದಿನದ ಏರು 1,400 ಮೀಟರಿನ ಆಸುಪಾಸು ಎಂದಿತು. ಗಿರಿಗೆ ಲೆಕ್ಕ ಹಾಕಿದ್ದು 840. ಮಿಕ್ಕದ್ದು ಎಲ್ಲೂ ಬೆಟ್ಟವೆಂದು ಹೆಸರಿಲ್ಲದ ಜಾಗದ್ದು: ಹಳ್ಳಕ್ಕಿಳಿದು, ಮೋರಿ ದಾಟಿ, ಮತ್ತೆ ಹತ್ತುವ ಮಲೆನಾಡಿನ ಮಡಿಕೆಗಳದ್ದು. ನಾಳೆಯದೂ ಅದೇ ಕಥೆ. ಮೂಡಿಗೆರೆ ಸುಮಾರು 970 ಮೀಟರಿನಲ್ಲಿದೆ, ಕಳಸ ಸುಮಾರು 800ರಲ್ಲಿ. ನಕ್ಷೆಯ ಪ್ರಕಾರ ಇಳಿಜಾರು. ಆ ದಾರಿ ಬಲ್ಲ ಯಾರೂ ಅದನ್ನು ಇಳಿಜಾರು ಎನ್ನುವುದಿಲ್ಲ.

ಉಳಿದುಕೊಂಡ ಮನೆಯ ಅಂಗಳದಲ್ಲಿ ಸೈಕಲ್ ತೊಳೆದೆವು. ಟೈರಿನ ಹಲ್ಲುಗಳ ಸಂದಿಯಿಂದ ಗಿರಿಯ ಕೆಮ್ಮಣ್ಣು ಕರಗಿ ಚರಂಡಿಗೆ ಹರಿಯಿತು. ಮೂಡಿಗೆರೆಯ ನೀರು ಹೇಮಾವತಿಗೆ, ಹೇಮಾವತಿ ಗೊರೂರು ದಾಟಿ ಕಾವೇರಿಗೆ, ಕಾವೇರಿ ಬಂಗಾಳ ಕೊಲ್ಲಿಗೆ. ಕಡಲ ತಳದಲ್ಲಿ ಹುಟ್ಟಿದ ಮಣ್ಣು ಒಂದು ಚೊಂಬು ನೀರಿನ ಜೊತೆ ಮತ್ತೆ ಕಡಲಿನ ದಾರಿ ಹಿಡಿದಿತ್ತು. ಚೈನಿಗೆ ಎಣ್ಣೆ ಬಿಟ್ಟು, ಬೆಳಗಿನ ಐದೂವರೆಗೆ ಅಲಾರಂ ಇಟ್ಟು ಮಲಗಿದೆವು.