ಹೆದರುವ ನಾಯಿಗೆ ಎಂಥ ಮನೆ ಬೇಕು?

ಬೆಂಗಳೂರಿನ ಬಡಾವಣೆಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇಂಥದೊಂದು ಮನವಿ ಆಗಾಗ ಬರುತ್ತದೆ. ಗಾಯಗೊಂಡು ಸಿಕ್ಕಿದ ಬೀದಿನಾಯಿ, ಈಗ ಹುಷಾರಾಗಿದೆ, ಲಸಿಕೆ, ಸಂತಾನಹರಣ ಚಿಕಿತ್ಸೆ ಎಲ್ಲ ಆಗಿದೆ, ‘ತುಂಬಾ ಸಾಧು, ಯಾರ ಜೊತೆಗಾದರೂ ಹೊಂದಿಕೊಳ್ಳುತ್ತೆ, ಶಾಶ್ವತ ಮನೆ ಬೇಕು’. ಕುಕ್ಕರ್ ಕೂಗಿದರೆ ಅದು ಮಂಚದಡಿ ನುಗ್ಗುತ್ತದೆ, ಹೊಸಬರು ಬಗ್ಗಿ ಮುಟ್ಟಲು ಹೋದರೆ ನಿಂತಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತದೆ ಎಂಬುದು ಮಾತ್ರ ಅದರಲ್ಲಿರುವುದಿಲ್ಲ.

ಅದನ್ನೆಲ್ಲ ಹೇಳಿದರೆ ಯಾರೂ ಮುಂದೆ ಬರುವುದಿಲ್ಲ ಎಂಬ ನಂಬಿಕೆ ನಾಯಿಗಳನ್ನು ರಕ್ಷಿಸುವವರಲ್ಲೇ ಬೇರೂರಿದೆ. ಕಾಳಜಿಯಿಂದ ಹುಟ್ಟಿದ ನಂಬಿಕೆ, ಆದರೂ ತಪ್ಪು. ವಿಚಾರಿಸಿ ಬರುವವರು ಕಡಿಮೆಯಾಗುತ್ತಾರೆ, ನಿಜ. ಕಡಿಮೆಯಾಗಲೇಬೇಕು. ನಾಯಿಯ ಭಯ ಗೊತ್ತಿದ್ದೂ ಒಪ್ಪಿಕೊಂಡ ಒಂದೇ ಒಂದು ಮನೆ ಸಿಕ್ಕರೆ ಸಾಕು. ಮುಚ್ಚಿಟ್ಟು ಕೊಟ್ಟ ನಾಯಿ ವಾಪಸು ಬರುತ್ತದೆ. ಜಾಗ ಬದಲಾದಾಗಲೆಲ್ಲ ಅದರ ಮೈ ಹೊಸದಾಗಿ ಹೆದರುತ್ತದೆ. ಅಮೆರಿಕದ ಆಶ್ರಯತಾಣವೊಂದರ ನಾಯಿಗಳ ರಕ್ತ ಪರೀಕ್ಷಿಸಿ ಮೈಕೇಲ್ ಹೆನೆಸಿ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ತೋರಿಸಿತು. ಬಂದು ಒಂಬತ್ತು ದಿನ ಕಳೆದವುಗಳಿಗಿಂತ ಮೊದಲ ಮೂರು ದಿನಗಳಲ್ಲಿದ್ದ ನಾಯಿಗಳಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಹೆಚ್ಚಿತ್ತು.

‘ಬಂದಾಗಿನಿಂದ ಒಂದು ಸದ್ದಿಲ್ಲ, ಎಷ್ಟು ಒಳ್ಳೇದು!’ ಎಂದು ಮನೆಯವರು ಸಂತೋಷಪಡುವುದೂ ಈ ಮೊದಲ ದಿನಗಳಲ್ಲೇ. ಊಟ ಬಿಟ್ಟು, ಮೂಲೆ ಹಿಡಿದು, ಕದಲದೆ ಕೂತ ನಾಯಿ ಶಾಂತವಾಗಿಲ್ಲ, ಹೆದರಿ ಸೆಟೆದುಕೊಂಡಿದೆ. ನಿದ್ದೆ ಬರದಿದ್ದರೂ ಆಕಳಿಸುವುದು, ಎದುರಿಗೆ ತಿನಿಸಿಲ್ಲದಾಗಲೂ ತುಟಿ ಸವರಿಕೊಳ್ಳುವುದು, ಮುಖ ತಿರುಗಿಸಿ ಕಣ್ಣಂಚಿನ ಬಿಳುಪು ಕಾಣುವಂತೆ ನೋಡುವುದು, ಇವೆಲ್ಲ ‘ದೂರ ಇರಿ’ ಎಂಬ ಕೋರಿಕೆ. ಬಾಲ ಅಲ್ಲಾಡಿಸಿದರೆ ಖುಷಿ ಎಂಬುದೂ ಪೂರ್ತಿ ಸರಿಯಲ್ಲ. ಮನೆಯ ಯಜಮಾನನನ್ನು ಕಂಡಾಗ ನಾಯಿಯ ಬಾಲ ಹೆಚ್ಚು ಬಲಕ್ಕೂ, ಗುರುತಿಲ್ಲದ ಬಲಿಷ್ಠ ನಾಯಿಯನ್ನು ಕಂಡಾಗ ಹೆಚ್ಚು ಎಡಕ್ಕೂ ಬೀಸುತ್ತದೆಂದು ಇಟಲಿಯ ಸಂಶೋಧಕರು 2007ರಲ್ಲೇ ದಾಖಲಿಸಿದ್ದಾರೆ. ಈ ಸದ್ದಿಲ್ಲದ ದಿನಗಳಲ್ಲಿ ನೆಂಟರಿಷ್ಟರನ್ನು ಕರೆದು ನಾಯಿ ತೋರಿಸುವುದು, ಮಕ್ಕಳ ತೊಡೆಯ ಮೇಲೆ ಕೂರಿಸುವುದು ಕಚ್ಚಿಸಿಕೊಳ್ಳುವ ದಾರಿ.

‘ಪಾಪ, ಯಾರೋ ಹೊಡೆದಿರಬೇಕು, ಪ್ರೀತಿ ಕೊಟ್ಟರೆ ಸರಿಹೋಗುತ್ತೆ.’ ಈ ಮಾತಿನಲ್ಲಿ ಎರಡು ತಪ್ಪುಗಳಿವೆ. ಹೆದರುವ ನಾಯಿಗಳೆಲ್ಲ ಏಟು ತಿಂದವಲ್ಲ. ಮರಿ ಹುಟ್ಟಿದ ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದವರೆಗಿನ ಅವಧಿಯಲ್ಲಿ ಮನುಷ್ಯರ ಒಡನಾಟ ಸಿಗದಿದ್ದರೆ ಮುಂದೆ ಮನುಷ್ಯರೇ ಭಯದ ವಸ್ತುವಾಗುತ್ತಾರೆ. ನಾಯಿಗಳ ನಡವಳಿಕೆಯ ಸಂಶೋಧಕರಾದ ಸ್ಕಾಟ್ ಮತ್ತು ಫುಲ್ಲರ್ 1965ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರವಾಗಿ ಮಂಡಿಸಿದರು. ಖಾಲಿ ಸೈಟಿನ ಮೋರಿಯಲ್ಲಿ ಹುಟ್ಟಿ ಬೆಳೆದ ಮರಿಯನ್ನು ಯಾರೂ ಮುಟ್ಟಿರದಿದ್ದರೆ, ಅದು ಹೆದರಲು ಅಷ್ಟೇ ಸಾಕು. ಎರಡನೆಯದು, ಭಯ ಅಳಿಸಿಹೋಗುತ್ತದೆ ಎಂಬ ಭರವಸೆ. 1924ರ ಸೆಪ್ಟೆಂಬರಿನಲ್ಲಿ ನೇವಾ ನದಿ ಉಕ್ಕಿ ರಷ್ಯಾದ ಲೆನಿನ್‌ಗ್ರಾಡಿನಲ್ಲಿ ವಿಜ್ಞಾನಿ ಪಾವ್ಲೊವ್‌ನ ಪ್ರಯೋಗಾಲಯಕ್ಕೆ ನೀರು ನುಗ್ಗಿತು. ನಾಯಿಗಳನ್ನು ಈಜಿಸಿ ಪಾರುಮಾಡಿದರು. ಆಮೇಲೆ ಒಂದು ನಾಯಿಗೆ ಕಲಿತದ್ದೆಲ್ಲ ಕೈಕೊಟ್ಟಿತು. ಅದು ಚೇತರಿಸಿಕೊಂಡ ಮೇಲೆ ಬಾಗಿಲ ಸಂದಿಯಿಂದ ಕೊಂಚ ನೀರು ಹರಿಯಬಿಟ್ಟರು. ಹಳೆಯ ಭಯ ಹಾಗೇ ಮರಳಿತು. ಹಾಗೆಂದು ಸುಧಾರಣೆ ಸುಳ್ಳಲ್ಲ. ದಿನವೂ ಅದೇ ಹೊತ್ತಿಗೆ ಊಟ, ಅದೇ ದಾರಿಯಲ್ಲಿ ನಡಿಗೆ, ತಾನಾಗಿ ಹತ್ತಿರ ಬರುವವರೆಗೆ ಕಾಯುವ ಮನುಷ್ಯರು ಇದ್ದರೆ ನಾಯಿ ಬದಲಾಗುತ್ತದೆ. ಎಷ್ಟೋ ನಾಯಿಗಳಿಗೆ ಅದು ತಿಂಗಳುಗಳ ಕೆಲಸ, ಕೆಲವಕ್ಕೆ ಬದುಕಿಡೀ.

ಗದರಿಸಿ, ‘ಲೀಡರ್ ಯಾರು’ ಎಂದು ತೋರಿಸಬೇಕೆನ್ನುವ ತರಬೇತುದಾರರಿಂದ ಈ ನಾಯಿಗಳನ್ನು ದೂರವಿಡಿ. ಆ ವಿಚಾರದ ಬೇರು ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ, ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಅಧ್ಯಯನದಲ್ಲಿದೆ. ಕಾಡಿನ ತೋಳದ ಗುಂಪು ಬಹುಮಟ್ಟಿಗೆ ತಂದೆ, ತಾಯಿ, ಮಕ್ಕಳ ಸಂಸಾರ ಎಂದು ತೋಳಗಳ ಸಂಶೋಧಕ ಡೇವಿಡ್ ಮೀಚ್ 1999ರಲ್ಲಿ ತಿದ್ದಿದರು. ಇನ್ನು, ಹೆದರಿದಾಗ ಸಮಾಧಾನಪಡಿಸಿದರೆ ಭಯ ಹೆಚ್ಚುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಪಟಾಕಿ ಸಿಡಿಯುವಾಗ ನಾಯಿ ನಿಮ್ಮ ಮಗ್ಗುಲಿಗೆ ಬಂದರೆ ಬರಲಿ. ಭಯ ಮಿತಿಮೀರಿದ್ದರೆ ಪಶುವೈದ್ಯರು ಕೊಡುವ ಮಾತ್ರೆಗೂ ಅಂಜಬೇಕಿಲ್ಲ. ಒಂಟಿಯಾಗಿ ಬಿಟ್ಟಾಗ ತಳಮಳಿಸುವ ನಾಯಿಗಳಿಗೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲಿ ಫ್ಲುಆಕ್ಸೆಟಿನ್ ಔಷಧಕ್ಕೆ, ತರಬೇತಿಯ ಜೊತೆ ಬಳಸಲು, ಒಪ್ಪಿಗೆ ಕೊಟ್ಟಿದೆ.

ನನ್ನನ್ನು ಅತಿ ಹೆಚ್ಚು ಕಂಗೆಡಿಸುವ ಸಲಹೆ ಬೇರೆ: ‘ಊರ ಕಡೆ ತೋಟದ ಮನೆಗೆ ಕೊಟ್ಬಿಡಿ, ಆರಾಮಾಗಿ ಓಡಾಡ್ಕೊಂಡಿರುತ್ತೆ.’ ತೋಟದವರಿಗೆ ಬೇಕಾದದ್ದು ಕಾವಲು ನಾಯಿ. ಹೆದರುವ ನಾಯಿ ಹಗಲೆಲ್ಲ ಸರಪಳಿಯಲ್ಲಿರುತ್ತದೆ, ಬಿಚ್ಚಿದ ರಾತ್ರಿ ಕಂಗಾಲಾಗಿ ಓಡುತ್ತದೆ. ರಾಮನಗರ, ತುಮಕೂರಿನ ಕಡೆಯಾಗಲಿ ಮಲೆನಾಡಾಗಲಿ, ಚಿರತೆ ಮೊದಲು ಹೊತ್ತೊಯ್ಯುವುದು ಅಂಗಳದ ನಾಯಿಯನ್ನೇ. ವಿಶಾಲವಾದ ಬಯಲು ಅಂಜುವ ಜೀವಕ್ಕೆ ಸುಖ ಕೊಡುವುದಿಲ್ಲ. ಅದಕ್ಕೆ ಬೇಕಾದದ್ದು ಪರಿಚಿತವಾದ ಸಣ್ಣ ಜಾಗ, ಅಡಗಲೊಂದು ಮೂಲೆ. ಗದ್ದಲವಿಲ್ಲದ ಎರಡು ಕೋಣೆಯ ಬಾಡಿಗೆ ಮನೆ, ಇಬ್ಬರು ಹಿರಿಯರು, ಆಗಲೇ ಇರುವ ಧೈರ್ಯದ ಇನ್ನೊಂದು ನಾಯಿ, ಇಂಥ ಕಡೆ ಎಷ್ಟೋ ನಾಯಿಗಳು ಚೆನ್ನಾಗಿ ಬಾಳುತ್ತವೆ. ಅಪಾರ್ಟ್‌ಮೆಂಟಿನವರು ನಿಷೇಧಿಸಿದ್ದಾರೆ ಎಂದು ಹಿಂಜರಿಯಬೇಡಿ; ಬಹುಮತದ ನಿರ್ಣಯದಿಂದಲೂ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಸುತ್ತೋಲೆ ಹೊರಡಿಸಿದೆ.

‘ಆಗದಿದ್ದರೆ ಸಿಕ್ಕಿದ ಬೀದಿಗೇ ಬಿಟ್ಟರಾಯಿತು’ ಎನ್ನುವವರೂ ಇದ್ದಾರೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಸೆಕ್ಷನ್ನಿನಡಿ ಅಪರಾಧ. ದತ್ತು ಪಡೆದ ನಾಯಿ ಮತ್ತೆ ಬೀದಿಗೆ ಬೀಳದಂತೆ ನೋಡಿಕೊಳ್ಳುವುದು ಪಡೆದವರ ಹೊಣೆ ಎಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲೂ ಹೇಳಿದೆ.

ಹಾಗಾಗಿ ಕೊಡುವವರೇ, ನಾಯಿ ಯಾವುದಕ್ಕೆ ಹೆದರುತ್ತದೆ, ಹೆದರಿದಾಗ ಏನು ಮಾಡುತ್ತದೆ, ಯಾವಾಗಲಾದರೂ ಕಚ್ಚಿದೆಯೇ ಎಂಬುದನ್ನು ಬರೆದು ಕೊಡಿ. ದೀಪಾವಳಿಯ ಆಸುಪಾಸಿನಲ್ಲಿ ಕೊಡಲೇಬೇಡಿ. ಕೆಲವು ವಾರ ಫಾಸ್ಟರ್ ಆಗಿ, ಅಂದರೆ ತಾತ್ಕಾಲಿಕವಾಗಿ, ಇಟ್ಟುಕೊಂಡು ನೋಡಲು ಹೇಳಿ. ಅದು ಮಲಗುತ್ತಿದ್ದ ಹೊದಿಕೆಯನ್ನು ತೊಳೆಯದೆ ಜೊತೆಗೇ ಕಳಿಸಿ. ನಾಯಿ ಕಳೆದುಹೋಗುವ ಅಪಾಯ ಮೊದಲ ವಾರಗಳಲ್ಲೇ ಹೆಚ್ಚು, ಆದ್ದರಿಂದ ಹೊರಗೆ ಹೋಗುವಾಗ ಕೊರಳಪಟ್ಟಿ, ಹಾರ್ನೆಸ್ ಎರಡಕ್ಕೂ ಹಗ್ಗ ಕಟ್ಟಿರಲಿ, ಪಟ್ಟಿಯ ಬಿಲ್ಲೆಯ ಮೇಲೆ ಫೋನ್ ನಂಬರ್ ಇರಲಿ. ಯಾವತ್ತೇ ಆಗಲಿ, ಸಾಕಲು ಆಗದಿದ್ದರೆ ನಮಗೇ ವಾಪಸು ಕೊಡಬೇಕು, ಬೇರೆಯವರಿಗೆ ದಾಟಿಸಬಾರದು ಎಂಬ ಷರತ್ತನ್ನೂ ಆ ಕಾಗದದಲ್ಲೇ ಬರೆಯಿರಿ.