ಅಳಿದ ದಾಖಲೆಯನ್ನು ಮರಳಿ ಪಡೆಯುವ ಕ್ರಮ

ಅರಸನಾದ ಯೆಹೋಯಾಕೀಮನು ಪ್ರವಾದಿಯ ಸುರುಳಿಯನ್ನು ಕೊಯ್ದು ಬೆಂಕಿಗೆ ಹಾಕಿದ ಬಳಿಕ, ಯೆರೆಮೀಯನು ಹೇಳಿದ ಹಾಗೆ ಬಾರೂಕನು ಎಲ್ಲವನ್ನೂ ಹೊಸ ಸುರುಳಿಯಲ್ಲಿ ಬರೆದನೆಂದೂ, ಅದರಲ್ಲಿ ಇನ್ನೂ ಅನೇಕ ಮಾತುಗಳು ಸೇರಿದವೆಂದೂ ನಾವು ಬಾಲ್ಯದಲ್ಲಿಯೇ ಓದಿರುವೆವು. ಅಳಿದದ್ದು ಮರಳಿದರೆ ಸಾಲದು. ಆಮೇಲೆ ಸೇರಿದ್ದೂ ಉಳಿಯಬೇಕು. ಶಾಲೆಯ ದಾಖಲೆಗಳು ಗಣಕಯಂತ್ರವನ್ನು ಸೇರಿರುವ ಈ ಕಾಲದಲ್ಲಿ ಇದು ನಮಗೂ ಸಲ್ಲುವ ಮಾತು.

ಒಂದು ದೃಷ್ಟಾಂತ. ಯಾದಗಿರಿಯ ಶಾಲೆಯೊಂದರಲ್ಲಿ ಶಹಾಪುರ, ಸುರಪುರಗಳ ಬಾಲಿಕೆಯರೂ ಓದುತ್ತಿರುವರೆನ್ನೋಣ. ಪ್ರತಿ ರಾತ್ರಿ ಯಂತ್ರವು ದಾಖಲಾತಿಯ ಒಂದು ಪ್ರತಿಯನ್ನು ತೆಗೆದಿಡುವದು. ಒಂದು ಬೆಳಿಗ್ಗೆ ಶಹಾಪುರದ ಹತ್ತು ಮಂದಿ ಹೊಸದಾಗಿ ಸೇರಿದರು. ಮಧ್ಯಾಹ್ನ ಯಾರದೋ ಕೈತಪ್ಪಿನಿಂದ ಸುರಪುರದವರ ಹೆಸರುಗಳೆಲ್ಲ ಅಳಿದವು. ರಾತ್ರಿಯ ಪ್ರತಿಯನ್ನು ಇಡಿಯಾಗಿ ಮೂಲದ ಮೇಲೆ ಹಾಕಿದರೆ ಸುರಪುರದವರು ಬರುವರು, ಶಹಾಪುರದವರು ಹೋಗುವರು. ಹೋಗುವದು ಬರಿಯ ಒಂದು ಸಾಲಲ್ಲ. ಹುಡುಗಿಯ ಜನ್ಮದಿನಾಂಕವೂ ವರ್ಗಾವಣೆ ಪತ್ರವೂ ವಿದ್ಯಾರ್ಥಿವೇತನವೂ ಅದನ್ನೇ ಆಶ್ರಯಿಸಿರುವವು.

ಆದುದರಿಂದ ಪ್ರತಿಯನ್ನು ಮೊದಲು ಬೇರೆ ಹೆಸರಿನಿಂದ, ಬೇರೆ ಸ್ಥಳದಲ್ಲಿ ತೆರೆಯತಕ್ಕದ್ದು. ಅಲ್ಲಿಂದ ಸುರಪುರದ ಸಾಲುಗಳನ್ನು ಮಾತ್ರ ಆರಿಸಿ ಮೂಲಕ್ಕೆ ಸೇರಿಸತಕ್ಕದ್ದು. ಇದರಲ್ಲಿಯೂ ಕ್ರಮವುಂಟು: ಹೆಸರುಗಳು ಮುಂದೆ, ಪರೀಕ್ಷೆಯ ಅಂಕಗಳು ಹಿಂದೆ; ಯಾತಕ್ಕಂದರೆ ದಾಖಲಾತಿ ಸಂಖ್ಯೆಯಿಲ್ಲದೆ ಅಂಕಗಳಿಗೆ ನೆಲೆಯಿಲ್ಲ.

ಆ ಬೆಳಿಗ್ಗೆ ಸುರಪುರದವರ ಸಾಲುಗಳಲ್ಲಿ ಮಾಡಿದ ತಿದ್ದುಪಡಿಗಳ ಗತಿಯೇನು? ಇದಕ್ಕಾಗಿ ಇಡೀ ಸಂಗ್ರಹವನ್ನು ಇದ್ದ ಹಾಗೆಯೇ ನಕಲು ಮಾಡಿಟ್ಟು, ಅದರ ಸಂಗಡ ಪ್ರತಿಯೊಂದು ಬದಲಾವಣೆಯ ದಿನಚರಿಯನ್ನೂ ಕಾಪಾಡುವರು. ನಕಲಿನಿಂದ ಆರಂಭಿಸಿ, ದಿನಚರಿಯಲ್ಲಿರುವದನ್ನು ತಪ್ಪು ನಡೆದ ಗಳಿಗೆಯ ತುಸು ಮುಂಚಿನ ತನಕ ಪುನಃ ನಡಿಸಿದರೆ, ಆ ತಿದ್ದುಪಡಿಗಳೂ ದೊರೆಯುವವು. ಪೋಸ್ಟ್‌ಗ್ರೆಸ್ ಎಂಬ ಉಚಿತ ತಂತ್ರಾಂಶಕ್ಕೆ ಈ ಸೌಕರ್ಯವು 2005ರಲ್ಲಿ, 8.0ನೆಯ ಆವೃತ್ತಿಯೊಡನೆ ಬಂದಿತು.

ಪ್ರತಿಯಿದೆಯೆಂಬ ನಂಬಿಕೆಯೊಂದೇ ಸಾಲದು. 2017ನೆಯ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ಮುಖ್ಯ ಸಂಗ್ರಹವು ಕೈತಪ್ಪಿನಿಂದ ಅಳಿಯಿತು. ದಿನದಿನವೂ ತೆಗೆಯಲ್ಪಡುತ್ತಿದ್ದವೆಂದು ನಂಬಿದ್ದ ಪ್ರತಿಗಳು ಇರಲೇ ಇಲ್ಲವೆಂಬದು ಆಗ ತಿಳಿಯಿತು. ಅದೃಷ್ಟವಶಾತ್ ಬೇರೊಂದು ಕೆಲಸಕ್ಕಾಗಿ ಸುಮಾರು 6 ತಾಸು ಮುಂಚೆ ತೆಗೆದಿದ್ದ ಪ್ರತಿಯೊಂದು ಅವರನ್ನು ಕಾಯಿತು; ಆ 6 ತಾಸಿನ ಬರಹವಾದರೋ ಮರಳಲಿಲ್ಲ.

ಆದಕಾರಣ ಪ್ರತಿಯೊಂದು ಅವಧಿಯ ಆರಂಭದಲ್ಲಿ ಪ್ರತಿಯನ್ನು ಬೇರೆ ಯಂತ್ರದಲ್ಲಿ ತೆರೆದು, ಮೂರು ಊರುಗಳಿಂದಲೂ ಒಬ್ಬೊಬ್ಬ ಬಾಲಿಕೆಯ ಹೆಸರನ್ನು ಕಾಗದದ ಪುಸ್ತಕದೊಡನೆ ಹೋಲಿಸಿ ನೋಡುವದು ಲೇಸು. ಇಷ್ಟಕ್ಕೆ ಅರ್ಧ ದಿನ ಸಾಕು. ಮಗಳ ಹೆಸರನ್ನು ನಂಬಿ ಒಪ್ಪಿಸಿದ ತಾಯಿತಂದೆಗಳಿಗೆ ಶಾಲೆಯು ಸಲ್ಲಿಸಬೇಕಾದ ಋಣವೂ ಇದೇ.